ಫಾರಂ 1ಎಗೆ ಸಹಿ ಹಾಕುವ ವೈದ್ಯರಿಗೆ

ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೆ.ಆರ್. ಪುರದ ಬಡಾವಣೆಗಳಲ್ಲಿ ಕ್ಲಿನಿಕ್ ನಡೆಸುವ ಎಲ್ಲ ವೈದ್ಯರಿಗೆ,



ಬಿಪಿ ನೋಡಿಸಿಕೊಳ್ಳಲು ಬಂದ ಹಿರಿಯರು ಹೊರಡುವ ಮುನ್ನ ಜೇಬಿನಿಂದ ತೆಗೆದು ನಿಮ್ಮ ಮೇಜಿನ ಮೇಲೆ ಇಡುವ ಒಂದು ಹಾಳೆಯ ಕುರಿತು ಈ ಪತ್ರ. ಅದರ ಹೆಸರು ಫಾರಂ 1ಎ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 40 ವರ್ಷ ದಾಟಿದವರು ಲೈಸೆನ್ಸ್ ಪಡೆಯಲು ಅಥವಾ ನವೀಕರಿಸಲು ನೋಂದಾಯಿತ ವೈದ್ಯರೊಬ್ಬರು ಈ ಹಾಳೆಗೆ ಸಹಿ ಹಾಕಬೇಕು. ದೂರದೃಷ್ಟಿ, ಕಿವಿ, ಕೈಕಾಲು, ಕೀಲುಗಳನ್ನು ನಾನೇ ಪರೀಕ್ಷಿಸಿದ್ದೇನೆ, ಇವರು ವಾಹನ ಓಡಿಸಲು ಅರ್ಹರು ಎಂದು ವೈದ್ಯರು ಅದರಲ್ಲಿ ದೃಢೀಕರಿಸುತ್ತಾರೆ. ನಲವತ್ತೈದರ ವ್ಯಾಪಾರಿಗೂ ಅದೇ ಹಾಳೆ, ಎಂಬತ್ತೈದರ ನಿವೃತ್ತರಿಗೂ ಅದೇ ಹಾಳೆ.

ಸಹಿಗೆ ಬೇಕಾದ ಸಮಯ ಅರ್ಧ ನಿಮಿಷ. ಹೊರಗೆ ಹದಿನೈದು ಜನ ಕಾಯುತ್ತಿರುತ್ತಾರೆ, ಎದುರಿಗಿರುವವರು ಇಪ್ಪತ್ತು ವರ್ಷದ ಪರಿಚಯ, ಕೇಳುತ್ತಿರುವುದು ಹಣವನ್ನಲ್ಲ, ಒಂದು ಸೀಲು. ಹೀಗಾಗಿ ಸೀಲು ಬೀಳುತ್ತದೆ. ಅದು ಬಿದ್ದ ಮೇಲೆ ಐದು ವರ್ಷ ಆ ಹಿರಿಯರ ಕಣ್ಣು, ಕಾಲು, ನೆನಪು ಹೇಗಿವೆ ಎಂದು ಸರ್ಕಾರದ ಯಾವ ಕಚೇರಿಯೂ ಕೇಳುವುದಿಲ್ಲ.

ಭಾರತದಲ್ಲಿ ಸ್ವಂತ ಕಾರು, ಸ್ಕೂಟರ್ ಓಡಿಸಲು ಗರಿಷ್ಠ ವಯಸ್ಸು ಎಂಬುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ನಂತರ, 55 ದಾಟಿದವರಿಗೆ ಲೈಸೆನ್ಸ್ ಒಮ್ಮೆಗೆ ಐದು ವರ್ಷದ್ದು. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದ ಮುಗಿದ ಮೇಲೆ ಒಂದು ವರ್ಷದವರೆಗೆ ಅರ್ಜಿ ಹಾಕಬಹುದು. ಅಷ್ಟರೊಳಗೆ ಹಾಕಿದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. ಅಂದರೆ 1975ರಲ್ಲಿ ಲ್ಯಾಂಬ್ರೆಟಾದ ಮೇಲೆ ಎಂಟರ ಆಕಾರ ಸುತ್ತಿ ಪಾಸಾದವರು ಇಂದಿನವರೆಗೆ ಎರಡನೇ ಬಾರಿ ಯಾವ ಇನ್ಸ್‌ಪೆಕ್ಟರ್ ಮುಂದೆಯೂ ಬ್ರೇಕ್ ಒತ್ತದೆ ಇದ್ದಿರಬಹುದು. ಕೆಎ-03ರ ಆರ್‌ಟಿಒ ಕಚೇರಿಯಲ್ಲಾಗಲಿ, ಕೆ.ಆರ್. ಪುರದ ಕೆಎ-53ರಲ್ಲಾಗಲಿ ಅಧಿಕಾರಿಯ ಕೈಗೆ ಸಿಗುವ ಏಕೈಕ ಹೊಸ ಸಾಕ್ಷ್ಯ ನಿಮ್ಮ ಸಹಿ. ಲೈಸೆನ್ಸ್ ಕೊಡುವವರು ಅವರು, ಆದರೆ ತೀರ್ಮಾನ ಮಾಡುತ್ತಿರುವವರು ನೀವು. ಈ ಪತ್ರ ಸಾರಿಗೆ ಇಲಾಖೆಗೆ ಹೋಗದೆ ನಿಮಗೆ ಬಂದಿರುವುದು ಅದಕ್ಕಾಗಿ.

ಬೆಂಗಳೂರಿನ ಈ ಪೂರ್ವ ಭಾಗಕ್ಕೇ ಪತ್ರ ಏಕೆ ಎಂದು ಕೇಳಬಹುದು. ಇಲ್ಲಿನ ಬಡಾವಣೆಗಳು ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಪ್ಪಾದವು. ವಿಮಾನ ಕಾರ್ಖಾನೆ ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ದೂರವಾಣಿನಗರದ ಐಟಿಐ 1948ರಲ್ಲಿ, ಬೆಮೆಲ್ 1964ರಲ್ಲಿ. ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಹಳೆ ಮದ್ರಾಸ್ ರಸ್ತೆಯಲ್ಲಿ ಒಂದು ಕಾಲಕ್ಕೆ ಎನ್‌ಜಿಇಎಫ್ ಕಾರ್ಖಾನೆ ಇತ್ತು, ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಿವೆ. ಇವುಗಳಲ್ಲಿ ದುಡಿದವರು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಂದಿರಾನಗರ, ಎಚ್‌ಎಎಲ್ ಎರಡನೇ ಮತ್ತು ಮೂರನೇ ಹಂತ, ಜೀವನ್ ಬಿಮಾ ನಗರ, ಕೆ.ಆರ್. ಪುರದ ಸುತ್ತಮುತ್ತ ಸೈಟು ಕೊಂಡರು. ಮನೆಗೊಂದು ಬಜಾಜ್ ಚೇತಕ್ ಬಂತು. 1983ರ ನಂತರ ಮಾರುತಿ 800 ಬಂತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಸೀರೆಯುಟ್ಟ ಹೆಂಗಸರೂ ಸ್ಕೂಟರ್ ಹತ್ತಿದರು. ಆ ತಲೆಮಾರಿಗೆ ಈಗ ಎಪ್ಪತ್ತೈದು, ಎಂಬತ್ತು, ಎಂಬತ್ತೈದು. ಮಕ್ಕಳು ಪರದೇಶದಲ್ಲಿದ್ದಾರೆ, ಇಲ್ಲವೇ ಊರಿನ ಇನ್ನೊಂದು ತುದಿಯಲ್ಲಿದ್ದಾರೆ. ಗೇಟಿನೊಳಗೆ ಕಾರು ನಿಂತಿದೆ. ತರಕಾರಿಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ, ನಿಮ್ಮ ಕ್ಲಿನಿಕ್‌ಗೆ ಬರುವುದಕ್ಕೂ ಅವರೇ ಸ್ಟೇರಿಂಗ್ ಹಿಡಿಯಬೇಕು.

ಅವರು ಕಲಿತ ರಸ್ತೆ ಮಾತ್ರ ಈಗ ಇಲ್ಲ. ಮರಗಳ ಸಾಲಿನ, ಮನೆಗಳಷ್ಟೇ ಇದ್ದ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಇಂದು ಸಂಜೆಯಾದರೆ ಅಂಗಡಿ, ಹೋಟೆಲ್, ಪಬ್‌ಗಳ ಮುಂದೆ ಕಾರುಗಳು ಎರಡು ಸಾಲಿನಲ್ಲಿ ನಿಲ್ಲುತ್ತವೆ. ಸಿಎಂಎಚ್ ರಸ್ತೆಯ ನಡುವೆ ಮೆಟ್ರೋ ಕಂಬಗಳು ಎದ್ದಿವೆ. ಕಂಬದ ಹಿಂದಿನಿಂದ ದಾಟಲು ಇಳಿದವರು ಕಾಣುವುದು ಕೊನೆ ಗಳಿಗೆಯಲ್ಲಿ. ಎಂ.ಜಿ. ರಸ್ತೆಗೆ ಸೇರುವ ಕಡೆ ಕಾಮರಾಜ ರಸ್ತೆ 2019ರಲ್ಲಿ ಮೆಟ್ರೋ ಸುರಂಗಕ್ಕಾಗಿ ಮುಚ್ಚಿ ವರ್ಷಗಟ್ಟಲೆ ತೆರೆಯಲಿಲ್ಲ. ಶಿವಾಜಿನಗರದ ಕಡೆಯವರು ನಲವತ್ತು ವರ್ಷದ ರೂಢಿಯ ದಾರಿ ಬಿಟ್ಟು ಹೊಸ ತಿರುವು ಕಲಿಯಬೇಕಾಯಿತು. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗು ಸೇತುವೆಯವರೆಗಿನ ಜಾಗದಲ್ಲಿ ಹೊರವರ್ತುಲ ರಸ್ತೆಯ ವಾಹನಗಳು, ಹಳೆ ಮದ್ರಾಸ್ ರಸ್ತೆಯ ಲಾರಿಗಳು, ಬಸ್ಸಿಗೆ ಓಡುವ ಜನ, ಎಡದಿಂದ ನುಗ್ಗುವ ಡೆಲಿವರಿ ಬೈಕುಗಳು, ಎಲ್ಲ ಒಟ್ಟಿಗೆ ಕಲೆಯುತ್ತವೆ. ಮೂವತ್ತರ ಚಾಲಕನಿಗೂ ಅಲ್ಲಿ ಕಣ್ಣು ನಾಲ್ಕು ಕಡೆ ಇರಬೇಕು.

ಇದೇ ಪೂರ್ವ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಪರೀಕ್ಷೆಯೂ ನಡೆಯುತ್ತಿದೆ. ವಿಮಾನಪುರದಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಪೈಲಟ್‌ಗಳ ದೇಹ, ಮನಸ್ಸು ಎರಡನ್ನೂ ವೈದ್ಯರು ಗಂಟೆಗಟ್ಟಲೆ ಅಳೆಯುತ್ತಾರೆ. ವಿಮಾನಯಾನ ಕಂಪನಿಯ ಪೈಲಟ್ 60 ದಾಟಿದರೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ. 65ಕ್ಕೆ ಆ ಕೆಲಸ ಮುಗಿಯುತ್ತದೆ. ಬಿಎಂಟಿಸಿ ಚಾಲಕ 60ಕ್ಕೆ ನಿವೃತ್ತ. ಎಚ್‌ಎಎಲ್‌ನಲ್ಲಿ, ವಾಯುಪಡೆಯಲ್ಲಿ ಬದುಕು ಕಳೆದ ಹಿರಿಯರಿಗೆ ಈ ಶಿಸ್ತು ಹೊಸದೇನಲ್ಲ. ಪರೀಕ್ಷಾ ಪೈಲಟ್ ಸುರಂಜನ್ ದಾಸ್ 1970ರ ಜನವರಿಯಲ್ಲಿ ಎಚ್‌ಎಫ್-24 ಮಾರುತ್ ಹಾರಿಸುವಾಗ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲೇ ಇಲ್ಲಿನ ಹಿರಿಯರು ದಿನವೂ ಗಾಡಿ ಓಡಿಸುತ್ತಾರೆ. ಯಂತ್ರ ನಡೆಸುವವನ ದೇಹಸ್ಥಿತಿಯನ್ನು ಆಗಾಗ ಪರಿಶೀಲಿಸುವುದು ಅವಮಾನವಲ್ಲ, ಗೌರವ ಎಂದು ಇವರಿಗೆ ವಿವರಿಸಬೇಕಾಗಿಲ್ಲ. ವೃತ್ತಿಯಲ್ಲಿದ್ದಾಗ ಒಪ್ಪಿಕೊಂಡ ಮಾತನ್ನು ನಿವೃತ್ತಿಯ ನಂತರ ಕೇಳಿಸಿದವರು ಯಾರೂ ಇಲ್ಲ, ಅಷ್ಟೆ.

ಫಾರಂ ಏನು ಕೇಳುತ್ತದೆ? 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಹಗಲು ಬೆಳಕಿನಲ್ಲಿ ಓದಬಲ್ಲರೇ? ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ? ರಾತ್ರಿಗುರುಡು ಇದೆಯೇ? ಕಿವಿ ಕೇಳುತ್ತದೆಯೇ? ಕೈಕಾಲಿನಲ್ಲಿ ಊನವಿದೆಯೇ? ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ನಿಮ್ಮಲ್ಲಿ ಹೆಚ್ಚಿನವರ ಕ್ಲಿನಿಕ್ 25 ಮೀಟರ್ ಉದ್ದವಿಲ್ಲ. ಆ ಪರೀಕ್ಷೆ ನಿಜವಾಗಿ ಆಗಬೇಕಾದರೆ ಹಿರಿಯರನ್ನು ಬಾಗಿಲಿಗೆ ಕರೆತಂದು, ರಸ್ತೆಯಾಚೆ ನಿಂತ ಕಾರನ್ನು ತೋರಿಸಿ ನಂಬರ್ ಓದಿಸಬೇಕು. ಎರಡು ನಿಮಿಷದ ಕೆಲಸ, ಯಾವ ಉಪಕರಣವೂ ಬೇಡ. ಇದನ್ನು ಎಷ್ಟು ಕ್ಲಿನಿಕ್‌ಗಳು ಮಾಡುತ್ತವೆ ಎಂಬುದು ನಿಮಗೇ ಗೊತ್ತು.

ಫಾರಂ ಕೇಳದ ಸಂಗತಿಗಳೇ ಇನ್ನೂ ದೊಡ್ಡವು. ನೆನಪಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಒಂದೇ ಹೊತ್ತಿಗೆ ಎರಡು ಮೂರು ಕಡೆ ಗಮನ ಕೊಡುವ ಶಕ್ತಿಯ ಬಗ್ಗೆ ಇಲ್ಲ. ನುಂಗುತ್ತಿರುವ ಮಾತ್ರೆಗಳ ಬಗ್ಗೆ ಇಲ್ಲ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಎಂದು ನೀವು ಓದಿದ್ದೀರಿ. ಗ್ಲಕೋಮಾ ಬಂದವರು ಎದುರಿನ ಬೋರ್ಡಿನ ಕೊನೆಯ ಸಾಲನ್ನೂ ಓದಬಲ್ಲರು, ಆದರೆ ಎಡಬದಿಯಿಂದ ರಸ್ತೆಗಿಳಿದ ಮಗು ಅವರಿಗೆ ಕಾಣದೇ ಹೋಗಬಹುದು. ಹತ್ತು ಹದಿನೈದು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗುತ್ತದೆ, ಕಾಲಿನ ಕೆಳಗಿರುವುದು ಬ್ರೇಕೋ ಆಕ್ಸಿಲರೇಟರೋ ಎಂದು ಚರ್ಮ ಹೇಳುವುದಿಲ್ಲ. ಕತ್ತಿನ ಸವೆತ ಇರುವವರು ತಲೆ ತಿರುಗಿಸಿ ಹಿಂದೆ ನೋಡಲಾರದೆ ಬರೀ ಕನ್ನಡಿ ನಂಬಿ ರಿವರ್ಸ್ ತೆಗೆಯುತ್ತಾರೆ. ನಿದ್ದೆಗೆಂದು ಬರೆದ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತಾದರೂ ಬಿಡದೆ ಇರಬಹುದು. ಪ್ರಾಸ್ಟೇಟ್ ಮಾತ್ರೆ, ಬಿಪಿ ಮಾತ್ರೆ ಸೇರಿದರೆ ಎದ್ದು ನಿಂತಾಗ ತಲೆ ಸುತ್ತು. ಇನ್ಸುಲಿನ್ ತೆಗೆದುಕೊಂಡು ತಿಂಡಿ ತಡವಾದರೆ ಹಲಸೂರಿನ ಸಿಗ್ನಲ್‌ನಲ್ಲೇ ಶುಗರ್ ಇಳಿಯಬಹುದು.

ಈ ಔಷಧಿ ಚೀಟಿ ಬರೆದವರು ನೀವೇ. ಆರ್‌ಟಿಒ ಅಧಿಕಾರಿ ಆ ಹಿರಿಯರನ್ನು ಐದು ವರ್ಷಕ್ಕೊಮ್ಮೆ ನೋಡಿದರೆ ನೀವು ತಿಂಗಳಿಗೊಮ್ಮೆ, ಹೆಚ್ಚೆಂದರೆ ಮೂರು ತಿಂಗಳಿಗೊಮ್ಮೆ ನೋಡುತ್ತೀರಿ. ಇಡೀ ವ್ಯವಸ್ಥೆಯಲ್ಲಿ ಅಷ್ಟು ಹತ್ತಿರದಿಂದ ಅವರನ್ನು ಬಲ್ಲವರು ಬೇರೆ ಯಾರೂ ಇಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ದೊಡ್ಡ ಬೆಲೆ ತೆತ್ತು ಕಲಿತ ಪಾಠವಿದೆ. 2019ರ ಏಪ್ರಿಲ್ 19ರಂದು ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ನಿವೃತ್ತ ಉನ್ನತಾಧಿಕಾರಿಯೊಬ್ಬರ ಕಾರು ರಸ್ತೆ ದಾಟುತ್ತಿದ್ದವರ ಮೇಲೆ ನುಗ್ಗಿತು. ಸೈಕಲ್ಲಿನಲ್ಲಿದ್ದ 31 ವರ್ಷದ ತಾಯಿ ಮತ್ತು ಮೂರು ವರ್ಷದ ಮಗಳು ಸತ್ತರು. ಕಾಲಿನ ತೊಂದರೆಯಿಂದ ಆತ ಊರುಗೋಲು ಹಿಡಿದು ನಡೆಯುತ್ತಿದ್ದರು. ಕಾರಿನಲ್ಲೇ ದೋಷವಿತ್ತು ಎಂದು ವಾದಿಸಿದರು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದಾರೆ ಎಂದು ನ್ಯಾಯಾಲಯ ತೀರ್ಮಾನಿಸಿ 2021ರ ಸೆಪ್ಟೆಂಬರ್‌ನಲ್ಲಿ ಐದು ವರ್ಷ ಜೈಲು ವಿಧಿಸಿತು. ಆ 2019ರ ಒಂದೇ ವರ್ಷದಲ್ಲಿ ಜಪಾನಿನ ಸುಮಾರು 6 ಲಕ್ಷ ಜನ ತಾವಾಗಿಯೇ ಲೈಸೆನ್ಸ್ ಹಿಂದಿರುಗಿಸಿದರು. ಹಿಂದಿರುಗಿಸಿದವರಿಗೆ ಅಲ್ಲಿ ಒಂದು ಗೌರವ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಅನೇಕ ಊರುಗಳಲ್ಲಿ ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ. 75 ದಾಟಿದವರು ನವೀಕರಣಕ್ಕೆ ನೆನಪು, ಗ್ರಹಿಕೆಯ ಪರೀಕ್ಷೆ ಬರೆಯಬೇಕು. ಅಂಥವರು ಕೆಲವು ಬಗೆಯ ನಿಯಮ ಉಲ್ಲಂಘಿಸಿದ್ದರೆ 2022ರ ಮೇ ತಿಂಗಳಿಂದ ವಾಹನ ಓಡಿಸಿಯೂ ತೋರಿಸಬೇಕು.

ಅದೇ 2019ರ ಜನವರಿಯಲ್ಲಿ ಇಂಗ್ಲೆಂಡಿನ ಸ್ಯಾಂಡ್ರಿಂಗಮ್ ಬಳಿ ರಾಣಿ ಎಲಿಜಬೆತ್‌ರ ಪತಿ ಫಿಲಿಪ್ ಓಡಿಸುತ್ತಿದ್ದ ಕಾರು ಇನ್ನೊಂದು ಕಾರಿಗೆ ಬಡಿದು ಮಗುಚಿತು. ಅವರಿಗೆ ಆಗ 97. ಎದುರಿನ ಕಾರಿನಲ್ಲಿ ಒಂಬತ್ತು ತಿಂಗಳ ಮಗುವಿತ್ತು. ಅದು ಪಾರಾಯಿತು, ಒಬ್ಬ ಮಹಿಳೆಯ ಮಣಿಕಟ್ಟು ಮುರಿಯಿತು. ಇಳಿಬಿಸಿಲು ಕಣ್ಣಿಗೆ ಹೊಡೆದು ಕಾರು ಕಾಣಲಿಲ್ಲ ಎಂದು ಅವರು ಕ್ಷಮೆ ಕೋರಿ ಬರೆದರು. ಮೂರು ವಾರ ಕಳೆದ ಮೇಲೆ ಲೈಸೆನ್ಸ್ ಒಪ್ಪಿಸಿದರು. ಸಂಜೆ ಐದಕ್ಕೆ ಕೆ.ಆರ್. ಪುರದಿಂದ ಹಲಸೂರಿನ ಕಡೆಗೆ ಹಳೆ ಮದ್ರಾಸ್ ರಸ್ತೆಯಲ್ಲಿ ಬರುವ ಯಾರಿಗೂ ಆ ಬಿಸಿಲಿನ ಪರಿಚಯ ಇದ್ದೇ ಇರುತ್ತದೆ. ಸೂರ್ಯ ನೇರ ಮುಖಕ್ಕೆ ಇರುತ್ತಾನೆ. ಆರಂಭದ ಕಣ್ಣಿನ ಪೊರೆ ಇದ್ದರಂತೂ ಇಡೀ ಗಾಜು ಬೆಳ್ಳಗೆ ಹೊಳೆದು ಎದುರಿನ ಆಟೊ ಮಾಯವಾಗುತ್ತದೆ. ಅರಮನೆಯವರಿಗೂ ಆ ನಿರ್ಧಾರ ಬಂದದ್ದು ಅಪಘಾತದ ನಂತರ. ಅದು ಮೊದಲೇ ಬರುವಂತೆ ಮಾಡಲು ಸಾಧ್ಯವಿರುವ ಜಾಗ ನಿಮ್ಮ ಮೇಜು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪತ್ರವನ್ನು ಮುದುಕರೆಲ್ಲ ಕಾರಿನಿಂದ ಇಳಿಯಲಿ ಎಂಬ ಆಗ್ರಹವೆಂದು ಓದಬಾರದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಸತ್ತವರಲ್ಲಿ ಶೇ 66.5 ಜನ 18ರಿಂದ 45ರ ನಡುವಿನವರು. ಅತಿವೇಗ, ಕುಡಿತ, ಹೆಲ್ಮೆಟ್ ಇಲ್ಲದ ಓಟ, ಎದುರು ದಿಕ್ಕಿನ ಸವಾರಿ, ಇವು ಎಪ್ಪತ್ತರ ನಿವೃತ್ತರ ದುಶ್ಚಟಗಳಲ್ಲ. ಬಹುತೇಕ ಹಿರಿಯರು ನಿಧಾನವಾಗಿ, ಸಿಗ್ನಲ್ ಪಾಲಿಸಿ, ಸೀಟ್ ಬೆಲ್ಟ್ ಹಾಕಿಕೊಂಡು ಓಡಿಸುತ್ತಾರೆ. ಅವರ ತೊಂದರೆ ಬೇರೆ ಕಡೆ: ಬಲಕ್ಕೆ ತಿರುಗುವಾಗ, ಕೂಡುರಸ್ತೆಯಲ್ಲಿ ನುಗ್ಗುವಾಗ, ನಾಲ್ಕು ಕಡೆಯ ವೇಗವನ್ನು ಒಂದೇ ಸಲ ಅಂದಾಜಿಸುವಾಗ. ಅಪಘಾತವಾದರೆ ಮೊದಲು ಮುರಿಯುವುದು ಅವರದೇ ಎಲುಬು. ಇಪ್ಪತ್ತೈದರ ಹುಡುಗ ಎದ್ದು ನಡೆಯುವ ಪೆಟ್ಟಿಗೆ ಎಂಬತ್ತರವರು ಐಸಿಯು ಸೇರುತ್ತಾರೆ. ಸ್ಕೂಟರ್ ಮೇಲಿದ್ದರೆ ಬಡಿಯಲು ಇನ್ನೊಂದು ವಾಹನವೂ ಬೇಡ, ಸಿಗ್ನಲ್‌ನಲ್ಲಿ ಕಾಲೂರುವಾಗ ಮೊಣಕಾಲು ಕೈಕೊಟ್ಟರೆ ಸಾಕು, ಸೊಂಟದ ಮೂಳೆ ಮುರಿಯುತ್ತದೆ. ಕಾರಿನ ಬಗ್ಗೆ ಕೇಳುವ ಮೊದಲು ಸ್ಕೂಟರಿನ ಬಗ್ಗೆ ಕೇಳಬೇಕಾದ್ದು ಇದಕ್ಕಾಗಿ. ನಮ್ಮ ಊರಿನಲ್ಲಿ ಮೊದಲು ಬಿಡಬೇಕಾದ ವಾಹನ ಅದು.

ವಯಸ್ಸನ್ನಷ್ಟೇ ನೋಡಿ ಗೆರೆ ಎಳೆದವರ ಅನುಭವವೂ ಮುಂದಿದೆ. ಡೆನ್ಮಾರ್ಕ್ 2006ರಲ್ಲಿ 70 ದಾಟಿದ ಎಲ್ಲರ ಲೈಸೆನ್ಸ್ ನವೀಕರಣಕ್ಕೆ ಗ್ರಹಿಕೆಯ ಪರೀಕ್ಷೆ ಕಡ್ಡಾಯ ಮಾಡಿತು. 2012ರಲ್ಲಿ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದಾಗ, ಕಾರು ಓಡಿಸುತ್ತ ಸಾಯುವ ಹಿರಿಯರ ಪ್ರಮಾಣ ಇಳಿದಿರಲಿಲ್ಲ. ನಡೆಯುತ್ತಲೋ ಸೈಕಲ್ ತುಳಿಯುತ್ತಲೋ ಸಾಯುವ ಹಿರಿಯರ ಪ್ರಮಾಣ ಏರಿತ್ತು. ಕಾರು ಬಿಟ್ಟವರು ಅದಕ್ಕಿಂತ ಅಪಾಯದ ಕಡೆಗೆ ಸರಿದಿದ್ದರು. ಮುಂದೆ ಡೆನ್ಮಾರ್ಕ್ ಆ ಕ್ರಮವನ್ನೇ ಕೈಬಿಟ್ಟಿತು. ಅಗಲವಾದ ಫುಟ್‌ಪಾತ್, ಪ್ರತ್ಯೇಕ ಸೈಕಲ್ ಪಥ ಇರುವ ದೇಶದಲ್ಲೇ ಹೀಗಾದರೆ, ಟ್ರಾನ್ಸ್‌ಫಾರ್ಮರ್, ಬೈಕು, ಚಪ್ಪಡಿ ಕಿತ್ತ ಚರಂಡಿಗಳ ನಡುವೆ ಸಾಗುವ ನಮ್ಮ ಫುಟ್‌ಪಾತಿನ ಮೇಲೆ ಎಂಬತ್ತರ ಕಾಲುಗಳನ್ನು ಇಳಿಸುವ ಮುನ್ನ ಎರಡು ಸಲ ಯೋಚಿಸಬೇಕು. ಕಾರು ಬಿಡಿ ಎಂದ ವೈದ್ಯರು ಅದೇ ಉಸಿರಿನಲ್ಲಿ ಹೇಗೆ ಓಡಾಡುತ್ತೀರಿ ಎಂದು ಕೇಳದಿದ್ದರೆ ಅರ್ಧ ಚಿಕಿತ್ಸೆ ಮಾಡಿದಂತೆ.

ಇನ್ನರ್ಧ ಮನಸ್ಸಿನದು. ಅಮೆರಿಕದ ಸಂಶೋಧಕರು 2016ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾಹನ ಚಾಲನೆ ಬಿಟ್ಟ ಹಿರಿಯರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಸುಮಾರು ಎರಡು ಪಟ್ಟಾಗಿತ್ತು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಈ ತಲೆಮಾರಿನಲ್ಲಿ ಕಾರು ಓಡಿಸುವವರು ಹೆಚ್ಚಾಗಿ ಗಂಡಸರು. ಅವರು ನಿಲ್ಲಿಸಿದ ದಿನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದ ಹೆಂಡತಿಯ ಓಡಾಟವೂ ನಿಲ್ಲುತ್ತದೆ. ಅಕ್ಕನ ಮನೆ, ಭಜನೆ, ರಸೆಲ್ ಮಾರ್ಕೆಟ್ಟಿನ ಹೂವು ಎಲ್ಲ ಒಟ್ಟಿಗೆ ದೂರವಾಗುತ್ತವೆ. ಆಕೆಯನ್ನು ಯಾರೂ ಏನೂ ಕೇಳಿರುವುದಿಲ್ಲ.

ಚಾಲನೆ ಬಿಡುವ ಮಾತನ್ನು ಎತ್ತುವವರು ಯಾರು? ಮಗ ಹೇಳಿದರೆ ಅಪ್ಪ ಕೇಳುವುದಿಲ್ಲ. "ನಿನಗೆ ಸೈಕಲ್ ಕಲಿಸಿದ್ದು ಯಾರೋ?" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮಗಳು ದೂರದೇಶದಿಂದ ವಿಡಿಯೊ ಕಾಲ್‌ನಲ್ಲಿ ಬೇಡಿಕೊಳ್ಳುತ್ತಾಳೆ, ಅಪ್ಪ ಹೂಂ ಎಂದು ಮರುದಿನ ಬೀಗದ ಕೈ ತೆಗೆದುಕೊಳ್ಳುತ್ತಾರೆ. ಸೊಸೆಗಂತೂ ಬಾಯಿ ತೆರೆಯುವ ಅಧಿಕಾರವೇ ಇಲ್ಲ. ಕೆಲವು ಮನೆಗಳಲ್ಲಿ ಬೀಗದ ಕೈ ಅಡಗಿಸಿಡುತ್ತಾರೆ, ಬ್ಯಾಟರಿ ತಂತಿ ಕಳಚುತ್ತಾರೆ, ಕಾರು ಕೆಟ್ಟಿದೆ ಎಂದು ಸುಳ್ಳು ಹೇಳುತ್ತಾರೆ. ಮರೆವಿನ ಕಾಯಿಲೆ ಮುಂದುವರಿದ ಕಡೆ ಬೇರೆ ದಾರಿ ಇರಲಾರದು. ಬುದ್ಧಿ ಚುರುಕಾಗಿರುವ ಮನುಷ್ಯನಿಗೆ ಹಾಗೆ ಮಾಡಿದರೆ ಅದು ಅವಮಾನ, ಆತ ಅದನ್ನು ಸಾಯುವತನಕ ಮರೆಯುವುದಿಲ್ಲ. ಆದರೆ "ಡಾಕ್ಟ್ರು ಬೇಡ ಅಂದಿದ್ದಾರೆ" ಎಂಬ ಒಂದು ಮಾತಿಗೆ ಈ ತಲೆಮಾರು ಉಪ್ಪು ಬಿಟ್ಟಿದೆ, ಸಕ್ಕರೆ ಬಿಟ್ಟಿದೆ, ಮೂವತ್ತು ವರ್ಷದ ಸಿಗರೇಟು ಬಿಟ್ಟಿದೆ. ನೆರೆಹೊರೆಯವರ ಮುಂದೆ ಹೇಳಿಕೊಳ್ಳಲು ಅವರಿಗೆ ಅದು ಮರ್ಯಾದೆಯ ಕಾರಣವೂ ಆಗುತ್ತದೆ.

ಹೇಗೆ ಕೇಳುವುದು ಎಂಬುದು ನಿಮ್ಮ ಕಸುಬು, ಅದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಆದರೂ ಮನೆಯವರು ಗಮನಿಸಿ ನಿಮಗೆ ಹೇಳಲಾರದೆ ಉಳಿದ ಕೆಲವು ಗುರುತುಗಳನ್ನು ಇಲ್ಲಿ ಇಡಬಹುದು. ಕಾರಿನ ಎಡಬದಿಯಲ್ಲಿ ಹೊಸ ಗೀರುಗಳು ಬಿದ್ದಿವೆಯೇ, ಗೇಟಿನ ಕಂಬದಲ್ಲಿ ಕಾರಿನ ಬಣ್ಣ ಅಂಟಿದೆಯೇ? ನಲವತ್ತು ವರ್ಷ ಓಡಾಡಿದ ದೊಮ್ಮಲೂರಿನ ತಿರುವಿನಲ್ಲಿ ದಾರಿ ತಪ್ಪಿ ತಡವಾಗಿ ಮನೆಗೆ ಬಂದದ್ದುಂಟೇ? ಸಿಗ್ನಲ್ ಹಸಿರಾದ ಮೇಲೂ ಹಿಂದಿನವರು ಹಾರ್ನ್ ಹೊಡೆದಾಗಲೇ ಹೊರಡುತ್ತಾರೆಯೇ? ಪಕ್ಕದ ಸೀಟಿನಲ್ಲಿ ಕೂತವರು ಕಾಲನ್ನು ತಾವೇ ಬ್ರೇಕಿನಂತೆ ಒತ್ತಿ ಹಿಡಿಯುತ್ತಾರೆಯೇ? ಮೊಮ್ಮಗುವನ್ನು ಅವರ ಕಾರಿನಲ್ಲಿ ಕಳಿಸಲು ಮಗಳು ಹಿಂಜರಿಯುತ್ತಾಳೆಯೇ? ಕೊನೆಯ ಪ್ರಶ್ನೆಗೆ ಮನೆಯವರ ಮೌನವೇ ಉತ್ತರವಾದರೆ ಬೇರೆ ಪರೀಕ್ಷೆಗೆ ಹೆಚ್ಚು ಕಾಯಬೇಕಾಗಿಲ್ಲ.

ನಿಲ್ಲಿಸುವುದು ಒಂದೇ ದಿನ ಆಗಬೇಕೆಂದೇನೂ ಇಲ್ಲ. ಮೊದಲು ಸ್ಕೂಟರ್. ಆಮೇಲೆ ರಾತ್ರಿ ಮತ್ತು ಮಳೆ. ಆಮೇಲೆ ಟಿನ್ ಫ್ಯಾಕ್ಟರಿ, ಹೊರವರ್ತುಲ ರಸ್ತೆ, ಹಳೆ ಮದ್ರಾಸ್ ರಸ್ತೆ. ಬಡಾವಣೆಯೊಳಗಿನ ಹಗಲಿನ ಓಡಾಟ ಕೊನೆಗೆ. ಔಷಧಿ ಬರೆಯುವ ಚೀಟಿಯಲ್ಲೇ "ಸಂಜೆ ಆರರ ನಂತರ ವಾಹನ ಚಾಲನೆ ಬೇಡ" ಎಂದು ಬರೆದು ಸಹಿ ಮಾಡಿದರೆ ಅದಕ್ಕೆ ಬರುವ ತೂಕ ಬಾಯಿಮಾತಿಗೆ ಬರುವುದಿಲ್ಲ. ಕಣ್ಣಿನ ಪೊರೆ ಕಾರಣವಾಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಓಡಿಸಬಹುದು ಎಂಬ ಭರವಸೆಯನ್ನೂ ಕೊಡಬೇಕು, ಏಕೆಂದರೆ ಅದು ನಿಜ. ಮಂಪರು ತರುವ ಮಾತ್ರೆಯೇ ಕಾರಣವಾಗಿದ್ದರೆ ಅದನ್ನು ಬದಲಿಸುವುದು ನಿಮ್ಮ ಕೈಯಲ್ಲೇ ಇದೆ. ಮರೆವಿನ ಶಂಕೆ ಬಂದರೆ ನಿಮ್ಹಾನ್ಸ್ ಇದೆ; ಹತ್ತಿರದಲ್ಲೇ, ಕಸ್ತೂರಿನಗರದಲ್ಲಿ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ ಆಲ್ಜೈಮರ್ ಕೇಂದ್ರವಿದೆ. ಅದೇ ಟ್ರಸ್ಟ್ ಮತ್ತು ನಗರ ಪೊಲೀಸರು 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090ರ ಸಂಖ್ಯೆಯನ್ನು ಕ್ಲಿನಿಕ್ಕಿನ ಗೋಡೆಯ ಮೇಲೆ ಅಂಟಿಸಿಡಬಹುದು.

ಪರ್ಯಾಯದ ಮಾತು. ಈ ವಿಷಯದಲ್ಲಿ ಪೂರ್ವ ಬೆಂಗಳೂರಿಗೆ ಒಂದು ಅನುಕೂಲವಿದೆ. ನಮ್ಮ ಮೆಟ್ರೋದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಓಡಿದ್ದೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊನೆಯ ಕೊಂಡಿ ಸೇರಿದ ಮೇಲೆ, ಕೆ.ಆರ್. ಪುರದಲ್ಲಿ ಹತ್ತಿದವರು ಟಿನ್ ಫ್ಯಾಕ್ಟರಿಯ ಗೋಜಿಗೇ ಹೋಗದೆ ಇಂದಿರಾನಗರ, ಹಲಸೂರು, ಟ್ರಿನಿಟಿಗೆ ಇಳಿಯಬಹುದು. ಲಿಫ್ಟ್ ಇದೆ, ತಂಪಿದೆ. ಆದರೆ ನಿಲ್ದಾಣದ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಅರ್ಧ ಕಿಲೋಮೀಟರೇ ಹಿರಿಯರಿಗೆ ದೊಡ್ಡ ಸಾಗರ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ಅವರಿಗೆಂದು ಪ್ರತ್ಯೇಕ ರಿಯಾಯಿತಿಯೂ ಬರಲಿಲ್ಲ. ಬಿಎಂಟಿಸಿಯಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಇದೆ, 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಆದರೆ ಮೊಣಕಾಲು ನೋವಿನವರಿಗೆ ಬಸ್ಸಿನ ಮೆಟ್ಟಿಲು ಎತ್ತರ, ಚಾಲಕರಿಗೆ ಅವಸರ. ಉಳಿಯುವುದು ಆಟೊ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಪ್ರಕಾರ ಐದು ಕಿಲೋಮೀಟರಿಗೆ 90 ರೂಪಾಯಿ. ಕಾರಿನ ವಿಮೆ, ಸರ್ವಿಸ್, ಬ್ಯಾಟರಿ, ಪೆಟ್ರೋಲ್ ಎಲ್ಲ ಕೂಡಿಸಿ ನೋಡಿದರೆ, ವಾರಕ್ಕೆ ಮೂರು ಸಲ ಹೊರಗೆ ಹೋಗುವ ದಂಪತಿಗೆ ಆಟೊ ದುಬಾರಿಯಲ್ಲ. ತೊಡಕಿರುವುದು ಫೋನಿನಲ್ಲಿ ಆಟೊ ಕರೆಯುವುದರಲ್ಲಿ, ಓಟಿಪಿಯಲ್ಲಿ, ಗಲ್ಲಿಯ ತುದಿಗೆ ಬಂದು ನಿಲ್ಲುವ ಚಾಲಕನಿಗೆ ದಾರಿ ಹೇಳುವುದರಲ್ಲಿ. ಇದನ್ನು ಮೊಮ್ಮಕ್ಕಳು ಒಂದು ಭಾನುವಾರ ಕೂತು ಕಲಿಸಬಹುದು. ಕಾರು ಇನ್ನೂ ಓಡಿಸುತ್ತಿರುವಾಗಲೇ ಕಲಿಸಬೇಕು. ಬಿಟ್ಟ ಮೇಲೆ ಕಲಿಯುವುದು ಶಿಕ್ಷೆಯಂತೆ ಕಾಣುತ್ತದೆ.

ಕಾನೂನಿನ ಮಾತೂ ಸ್ವಲ್ಪ ಬೇಕು. ರೋಗದಿಂದ ಚಾಲನೆ ಅಪಾಯಕಾರಿ ಎಂದು ನಂಬಲು ಕಾರಣವಿದ್ದರೆ ಯಾವಾಗ ಬೇಕಾದರೂ ಲೈಸೆನ್ಸ್ ರದ್ದು ಮಾಡುವ, ಮತ್ತೆ ವೈದ್ಯಕೀಯ ಪತ್ರ ಕೇಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 16ನೇ ಕಲಂ ಆರ್‌ಟಿಒಗೆ ಕೊಡುತ್ತದೆ. ರೋಗಿಯ ಗುಟ್ಟು ಕಾಯುವುದು ನಿಮ್ಮ ಧರ್ಮ. ಆದರೆ 2002ರ ವೈದ್ಯಕೀಯ ನೀತಿ ನಿಯಮಾವಳಿಯೇ, ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರವಾದ ಅಪಾಯ ಸ್ಪಷ್ಟವಾಗಿ ಕಂಡಾಗ ಅದಕ್ಕೆ ವಿನಾಯಿತಿ ಇಟ್ಟಿದೆ. ಅದೇ ನಿಯಮಾವಳಿ, ಸುಳ್ಳು ಅಥವಾ ದಾರಿತಪ್ಪಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕಿದ ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಬಹುದು ಎನ್ನುತ್ತದೆ. ಅರ್ಜಿ ತುಂಬಿಕೊಡುವ ಅಂಗಡಿಗಳಲ್ಲಿ ಫಾರಂ ಜೊತೆಗೇ ಸಹಿಯೂ ಸಿಗುತ್ತದೆ ಎಂಬ ಮಾತು ಊರಿನಲ್ಲಿ ಹೊಸದಲ್ಲ. ನೀವು ನಿರಾಕರಿಸಿದರೆ ಹಿರಿಯರು ಅಲ್ಲಿಗೆ ಹೋಗಬಹುದು, ನಿಜ. ಆದರೂ ನಿಮ್ಮ ನಿರಾಕರಣೆ ವ್ಯರ್ಥವಾಗುವುದಿಲ್ಲ. ಮನೆಗೆ ಹೋದ ಮೇಲೆ ಹೆಂಡತಿಯೊಡನೆ, ಮಕ್ಕಳೊಡನೆ ಅದರ ಬಗ್ಗೆ ಮಾತು ನಡೆಯುತ್ತದೆ. ಬೇಕಾಗಿದ್ದುದು ಆ ಮಾತು.

ಐದು ವರ್ಷದ ಅಂತರವನ್ನು ಕಾನೂನು ಬದಲಾಗುವವರೆಗೆ ನೀವೇ ತುಂಬಬಹುದಾದ ಒಂದು ದಾರಿ ಇದೆ. ಇಲ್ಲಿನ ನಿವೃತ್ತರಲ್ಲಿ ಬಹಳಷ್ಟು ಜನ ಪಿಂಚಣಿದಾರರು. ಪ್ರತಿ ನವೆಂಬರ್‌ನಲ್ಲಿ ಅವರು ಜೀವನ ಪ್ರಮಾಣಪತ್ರ ಕೊಡಲೇಬೇಕು. ಬ್ಯಾಂಕಿನಲ್ಲಿ ಕ್ಯೂ ನಿಂತೋ, 2014ರಿಂದ ಬಂದಿರುವ ಡಿಜಿಟಲ್ ವ್ಯವಸ್ಥೆಯಲ್ಲಿ ಬೆರಳೊತ್ತಿಯೋ ಕೊಡುತ್ತಾರೆ; ಅದರಲ್ಲಿ ಯಾರಿಗೂ ಅವಮಾನ ಅನ್ನಿಸುವುದಿಲ್ಲ. ಅದೇ ತಿಂಗಳಲ್ಲಿ, 70 ದಾಟಿ ಇನ್ನೂ ವಾಹನ ಓಡಿಸುವ ನಿಮ್ಮ ರೋಗಿಗಳನ್ನು ಒಮ್ಮೆ ಪ್ರತ್ಯೇಕವಾಗಿ ಕರೆಯಿರಿ. ಬಾಗಿಲಾಚೆಯ ಕಾರಿನ ನಂಬರ್ ಓದಿಸಿ. ಎರಡೂ ಬದಿಯ ನೋಟ, ಕತ್ತಿನ ತಿರುವು, ಪಾದದ ಸ್ಪರ್ಶ ನೋಡಿ. ಮಾತ್ರೆಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿ. ಜೊತೆಗೆ ಬಂದ ಹೆಂಡತಿಯನ್ನೋ ಮಗಳನ್ನೋ ಎರಡು ನಿಮಿಷ ಬೇರೆ ಕೂರಿಸಿ ಕೇಳಿ. ಈ ಹದಿನೈದು ನಿಮಿಷಕ್ಕೆ ಶುಲ್ಕ ತೆಗೆದುಕೊಳ್ಳಿ, ಅದು ನ್ಯಾಯವೇ.

ಚೆನ್ನಾಗಿದ್ದವರಿಗೆ ಚೆನ್ನಾಗಿದ್ದೀರಿ, ಮುಂದಿನ ನವೆಂಬರ್‌ಗೆ ಬನ್ನಿ ಎಂದು ಬರೆದುಕೊಡಿ. ಆ ಚೀಟಿಯನ್ನು ಅವರು ಹೆಮ್ಮೆಯಿಂದ ಮನೆಯಲ್ಲಿ ತೋರಿಸುತ್ತಾರೆ. ಉಳಿದವರೊಡನೆ ಏನನ್ನು ಯಾವ ತಿಂಗಳಿಂದ ಬಿಡಬೇಕು, ಯಾರು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎಂಬುದನ್ನು ಮನೆಯವರನ್ನು ಕೂರಿಸಿಕೊಂಡೇ ಗೊತ್ತುಮಾಡಿ. ಹಲಸೂರಿನ ಒಂದು ಬೀದಿಯ ನಾಲ್ಕು ಕ್ಲಿನಿಕ್‌ಗಳು ಒಟ್ಟಾಗಿ ಈ ವರ್ಷವೇ ಇದನ್ನು ಶುರು ಮಾಡಿದರೂ ಸಾಕು. ಇಂದಿರಾನಗರ ಮತ್ತು ಕೆ.ಆರ್. ಪುರದ ನಿವಾಸಿಗಳ ಸಂಘಗಳಿಗೆ ಅದನ್ನು ತೋರಿಸಿ, ನಿಮ್ಮಲ್ಲೂ ಮಾಡಿ ಎಂದು ಕೇಳಬಹುದು.